ಕ್ರೋನ್ಸ್ ಇದ್ದವರಿಗೆ ಪಿತ್ತಕೋಶದ ಕಲ್ಲು
ತಮ್ಮನಿಗೆ ಕ್ರೋನ್ಸ್ (ಕರುಳಿನಲ್ಲಿ ಬಹುಕಾಲ ಉರಿಯೂತ ಇರುವ ಕಾಯಿಲೆ) ಇದೆ, ಸಣ್ಣಕರುಳಿನ ಕೊನೆ ಭಾಗ ತೆಗೆದಿದ್ದಾರೆ, ಈಗ ಪಿತ್ತಕೋಶದಲ್ಲಿ ಕಲ್ಲು ಕಂಡಿದೆ, ಎರಡಕ್ಕೂ ಸಂಬಂಧ ಇದೆಯಾ ಅಂತ ಕೇಳಿದ್ದೀರಿ. ಇರಬಹುದು. ಪಿತ್ತರಸದ ಆಮ್ಲಗಳಲ್ಲಿ ಸುಮಾರು 95% ಕರುಳಿನಿಂದ ವಾಪಸ್ ಲಿವರ್‌ಗೆ ಹೋಗುತ್ತವೆ, ಅವನ್ನು ಹೀರಿಕೊಳ್ಳುವ ಮುಖ್ಯ ಜಾಗ ಆ ಕೊನೆ ಭಾಗವೇ. ಅದಿಲ್ಲದಿದ್ದರೆ ಆಮ್ಲ ಮಲದಲ್ಲಿ ಹೋಗಿಬಿಡುತ್ತದೆ, ಪಿತ್ತದ ಹದ ಕೆಟ್ಟು ಕಲ್ಲು ಕಟ್ಟುವುದು ಜಾಸ್ತಿ. ಹಾಗಾಗಿ ಎಣ್ಣೆ ತಿಂದು ಹೀಗಾಯಿತು ಅಂತ ಅವನನ್ನು ದಯವಿಟ್ಟು ಬೈಯಬೇಡಿ.

ನೋವೇ ಇಲ್ಲದೆ ಸ್ಕ್ಯಾನಿಂಗ್‌ನಲ್ಲಿ ಸುಮ್ನೆ ಕಂಡ ಕಲ್ಲಿಗೆ ಸಾಮಾನ್ಯವಾಗಿ ಆಪರೇಷನ್ ಬೇಕಾಗುವುದಿಲ್ಲ. ಆದರೆ ಬಲಗಡೆ ಪಕ್ಕೆಲುಬಿನ ಕೆಳಗೆ ಗಂಟೆಗಟ್ಟಲೆ ನೋವು, ಚಳಿಜ್ವರ, ಕಣ್ಣು ಹಳದಿ, ಇದರಲ್ಲಿ ಯಾವುದು ಕಂಡರೂ ಕ್ರೋನ್ಸ್ ನೋವೇ ಇರಬೇಕು ಅಂತ ಬೆಳಗಿನವರೆಗೆ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.