ಯುಗಾದಿ ಡೇಟು ಯಾಕೆ ಓಡಾಡುತ್ತೆ ಅಂದ್ರೆ

2025ರಲ್ಲಿ ಭಾನುವಾರ ಬಂದ ಯುಗಾದಿ 2026ರಲ್ಲಿ ಗುರುವಾರ ಹೆಂಗಾಯ್ತು, ರಂಜಾನ್ ಥರ ಹಿಂದಕ್ಕೇ ಹೋಗ್ತಾ ಇರುತ್ತಾ ಅಂತ ಕೇಳಿದ್ರಲ್ಲ ಸಾರ್. ಇಲ್ಲ, ಹಂಗೆ ಹೋಗಲ್ಲ. ಚಾಂದ್ರಮಾನ ವರ್ಷಕ್ಕೆ ಸುಮಾರು 354 ದಿನ, ಅದಕ್ಕೇ 2024ರಲ್ಲಿ ಏಪ್ರಿಲ್ 9, 2025ರಲ್ಲಿ ಮಾರ್ಚ್ 30, 2026ರಲ್ಲಿ ಮಾರ್ಚ್ 19 ಅಂತ ಜಾರ್ಕೊಂಡು ಬಂತು, ಆದ್ರೆ ನಮ್ಮೋರು ಎರಡೂವರೆ ಮೂರು ವರ್ಷಕ್ಕೊಂದು ಅಧಿಕ ಮಾಸ ತುರುಕಿ ಸರಿ ಮಾಡ್ತಾರೆ, 2026ರಲ್ಲಿ ಅಧಿಕ ಜ್ಯೇಷ್ಠ ಇರೋದ್ರಿಂದ 2027ಕ್ಕೆ ಮತ್ತೆ ಏಪ್ರಿಲ್ 7ಕ್ಕೆ ಹಾರುತ್ತೆ. ರಂಜಾನ್‌ಗೆ ಈ ಅಧಿಕ ಇಲ್ಲ, ಅದು ಎಲ್ಲಾ ಕಾಲನೂ ಸುತ್ತಿ ಬರುತ್ತೆ. ಈಸ್ಟರ್ ಆರಾಮು, ಡೇಟು ಬದಲಾದ್ರೂ ಭಾನುವಾರ ಬಿಟ್ಟು ಬರಲ್ಲ.

ಭಾನುವಾರ ಬಂದ್ರೆ ಒಂದು ರಜ ಹೋಯ್ತು ಅನ್ನೋದು ನಿಜ, ಆದ್ರೆ 2025ರದ್ದು ನಮಗೆ ಮಂಡ್ಯದಲ್ಲಿ ಮಜಾನೇ ಇತ್ತು. ಟೀವೀಲಿ ಐಪಿಎಲ್ ಎರಡು ಮ್ಯಾಚು, ಅಮ್ಮಂಗೆ ಹಬ್ಬದ ಸ್ಪೆಷಲ್ ಪ್ರೋಗ್ರಾಂ ಬೇಕು, ನಾನು ಹೋಳಿಗೆ ತುಪ್ಪದ ಕೈಯಲ್ಲೇ ರಿಮೋಟ್ ಕಿತ್ಕೊಂಡು ಬಟನ್ ಎಲ್ಲಾ ಜಿಡ್ಡು ಮಾಡಿ ಬೈಸ್ಕೊಂಡೆ. ಮಾರನೇ ದಿನ ಸೋಮವಾರ ಹೊಸತೊಡಕೂ ರಂಜಾನೂ ಒಟ್ಟಿಗೆ, ಮಟನ್ ಅಂಗಡಿ ಮುಂದೆ ಬೆಳಗ್ಗೆ ಆರಕ್ಕೇ ಕ್ಯೂ!

ಗುರುವಾರ ಬಂದ್ರೆ ಹೊಸತೊಡಕು ಶುಕ್ರವಾರ, ನಮ್ಮನೇಲಿ ಶುಕ್ರವಾರ ಬಾಡು ಮಾಡಲ್ಲ, ಭಾನುವಾರಕ್ಕೇ ತಳ್ಳೋದು. ನೀವು ಶುಕ್ರವಾರ ಒಂದು ಲೀವ್ ಹಾಕ್ಬಿಡಿ.