ಬಿಸಿನೀರು ಮೊದಲು ಬಿಡಿ

ಬಸುರಿ, ಈಗ ಏಳನೇ ತಿಂಗಳು, ಹೊಟ್ಟೆ ಮತ್ತು ಮೊಣಕಾಲು ಒಣಗಿ ಪುಡಿ ಉದುರ್ತಿದೆ, ದಿನಕ್ಕೆರಡು ಸಲ ಬಿಸಿನೀರಿನ ಸ್ನಾನ ಮಾಡಿ ಲೋಷನ್ ಹಚ್ಚಿದ್ರೂ ನಿಲ್ತಿಲ್ಲ ಅಂದಿದ್ದೀರಿ. ನನಗನ್ನಿಸೋದು, ಲೋಷನ್‌ಗಿಂತ ಆ ಬಿಸಿನೀರಿನದೇ ತಪ್ಪು ಜಾಸ್ತಿ. ಚರ್ಮದ ಜಿಡ್ಡನ್ನೆಲ್ಲ ಅದು ತೊಳೆದುಹಾಕುತ್ತೆ. ಉಗುರುಬೆಚ್ಚಗಿನ ನೀರಲ್ಲಿ, ದಿನಕ್ಕೊಮ್ಮೆ, 5-10 ನಿಮಿಷ ಸಾಕು. ಸೋಪು ಕಂಕುಳು, ತೊಡೆಸಂದಿಗೆ ಮಾತ್ರ.

ಆಮೇಲೆ ಟವೆಲ್‌ನಿಂದ ಉಜ್ಜಬೇಡಿ, ಒತ್ತಿ ಒರೆಸಿ. ಮೈ ಇನ್ನೂ ಪಸೆಪಸೆ ಇರುವಾಗಲೇ ವಾಸನೆಯಿಲ್ಲದ ದಪ್ಪ ಕ್ರೀಮ್ ಹಚ್ಚಿ. ಗ್ಲಿಸರಿನ್ ಅಥವಾ ಸೆರಮೈಡ್ (ಚರ್ಮದಲ್ಲೇ ಇರೋ ಒಂದು ಬಗೆಯ ಜಿಡ್ಡು) ಇರೋದು ಒಳ್ಳೇದು, ಬರೀ ಪೆಟ್ರೋಲಿಯಂ ಜೆಲ್ಲಿ ಆದ್ರೂ ನಡೆಯುತ್ತೆ. ನಾನು ಹಗಲು ಹೊಟ್ಟೆಗೆ ಮೂರು ಸಲ ಹಚ್ಚಿಕೊಳ್ತಿದ್ದೆ, ಸೀರೆಗೆಲ್ಲ ಕಲೆ! ಸ್ಟ್ರೆಚ್ ಮಾರ್ಕ್ ಮಾತ್ರ ಯಾವ ಕ್ರೀಮಿಗೂ ಜಗ್ಗಲಿಲ್ಲ. ರೆಟಿನಾಲ್, ಟ್ರೆಟಿನಾಯಿನ್ (ಎರಡೂ ವಿಟಮಿನ್ ಎ ಜಾತಿಯವು) ಇರೋ ಕ್ರೀಮನ್ನ ಬಸುರಿಯಾಗಿರುವಾಗ ಮುಟ್ಟಬೇಡಿ.

ಒಂದು ವಿಷಯ ನೀವು ಬರೆದಿಲ್ಲ: ಅಂಗೈ, ಅಂಗಾಲು ತುರಿಸುತ್ತಾ? ಗುಳ್ಳೆ ಏನೂ ಇಲ್ಲದೆ, ರಾತ್ರಿ ನಿದ್ದೆಗೆಡಿಸೋ ಹಾಗೆ? ಹಾಗಿದ್ರೆ ಅದು ಬರೀ ಒಣಚರ್ಮ ಅಲ್ಲದೇ ಇರಬಹುದು. ಕೊನೆಯ ತಿಂಗಳುಗಳಲ್ಲಿ ಪಿತ್ತಜನಕಾಂಗದ ಕೊಲೆಸ್ಟಾಸಿಸ್ (ಪಿತ್ತರಸ ಸರಿಯಾಗಿ ಹರಿಯದಿರೋ) ತೊಂದರೆ ಹೀಗೇ ಶುರುವಾಗುತ್ತೆ, ಮಗುವಿಗೂ ಅಪಾಯ. ಮುಂದಿನ ತಪಾಸಣೆವರೆಗೆ ಕಾಯದೆ ಇವತ್ತೇ ಡಾಕ್ಟರಿಗೆ ಹೇಳಿ. ಬೈಲ್ ಆಸಿಡ್ (ಪಿತ್ತರಸದ ಆಮ್ಲ) ಎಷ್ಟಿದೆ ಅಂತ ರಕ್ತಪರೀಕ್ಷೆ ಮಾಡಿಸ್ತಾರೆ.