ಐಟಿಐ ಸೇರಿದರೆ ಓದು ಅಲ್ಲಿಗೇ ನಿಲ್ಲುತ್ತಾ?

ಪ್ರಶ್ನೆ: ನಮ್ಮದು ದಾವಣಗೆರೆ. ಬೋರ್‌ವೆಲ್ ಮೋಟಾರ್ ರಿವೈಂಡಿಂಗ್ ಅಂಗಡಿ ಇದೆ. ಮಗನಿಗೆ ಎಸ್ಸೆಸ್ಸೆಲ್ಸಿಯಲ್ಲಿ 71 ಪರ್ಸೆಂಟ್ ಬಂದಿದೆ. ಐಟಿಐ ಎಲೆಕ್ಟ್ರಿಷಿಯನ್ ಮಾಡ್ತೀನಿ ಅಂತಾನೆ. ಅವನ ಸೋದರಮಾವ, ‘ದಡ್ಡರು ಹೋಗೋ ಕಡೆ ಯಾಕೆ ಭಾವ, ಸೈನ್ಸ್ ಕೊಡಿಸಿ’ ಅಂತಾರೆ. ಜರ್ಮನಿಯಲ್ಲಿ ಕೆಲಸ, ಓದು ಎರಡೂ ಒಟ್ಟಿಗೇ ನಡೆಯುತ್ತಂತೆ. ನಮ್ಮಲ್ಲಿ ಆಗಲ್ವಾ?

ಉತ್ತರ: ಅರ್ಧ ಆಗುತ್ತೆ. ಉಳಿದರ್ಧ ನೀವೂ ಮಗನೂ ಸೇರಿ ತುಂಬಿಕೊಳ್ಳಬೇಕು.

ಜರ್ಮನಿಯಲ್ಲಿ ಹುಡುಗರು ವಾರಕ್ಕೆ ಮೂರ್ನಾಲ್ಕು ದಿನ ಕಂಪನಿಯಲ್ಲಿ ಕೆಲಸ ಕಲಿಯುತ್ತಾರೆ, ಒಂದೆರಡು ದಿನ ಶಾಲೆಗೆ ಹೋಗುತ್ತಾರೆ. ಕಂಪನಿಯೇ ತಿಂಗಳ ಭತ್ಯೆ ಕೊಡುತ್ತದೆ. ಇದಕ್ಕೆ 1969ರಲ್ಲೇ ಕಾನೂನು ಬಂತು. ಆದರೆ ಅಲ್ಲಿನ ಹೆಚ್ಚಿನ ರಾಜ್ಯಗಳಲ್ಲಿ ನಾಲ್ಕನೇ ಕ್ಲಾಸು ಮುಗಿಯುತ್ತಲೇ ಮಕ್ಕಳನ್ನು ಬೇರೆ ಬೇರೆ ಥರದ ಶಾಲೆಗಳಿಗೆ ಹಂಚಿಬಿಡುತ್ತಾರೆ. ಹತ್ತು ವರ್ಷದ ಮಗುವಿನ ಹಣೆಬರಹವನ್ನು ಅಷ್ಟು ಬೇಗ ಬರೆಯೋದು ನನಗಂತೂ ಒಪ್ಪಿಗೆಯಿಲ್ಲ.

ಸ್ವಿಟ್ಜರ್ಲೆಂಡ್ ಪದ್ಧತಿ ನನಗೆ ಜಾಸ್ತಿ ಇಷ್ಟ. ಅಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಮಕ್ಕಳು ಕಸುಬಿನ ದಾರಿಯನ್ನೇ ಹಿಡಿಯುತ್ತಾರೆ. 1990ರ ದಶಕದಲ್ಲಿ ಅವರು ಒಂದು ಪರೀಕ್ಷೆ ತಂದರು. ಕಸುಬಿನ ಜೊತೆ ಭಾಷೆ, ಗಣಿತ ಹೆಚ್ಚಿಗೆ ಓದಿ ಅದನ್ನು ಪಾಸು ಮಾಡಿದವರು ತಮ್ಮ ಕಸುಬಿಗೆ ಹೊಂದುವ ವಿಷಯದಲ್ಲಿ ಡಿಗ್ರಿಗೆ ಸೇರಬಹುದು. ಫಿನ್ಲೆಂಡಿನಲ್ಲೂ ಕಸುಬಿನ ಕೋರ್ಸ್ ಮುಗಿಸಿದವರಿಗೆ ಯೂನಿವರ್ಸಿಟಿ ಬಾಗಿಲು ಮುಚ್ಚಿಲ್ಲ.

ನಮ್ಮಲ್ಲೂ ಮೆಟ್ಟಿಲಿದೆ, ನಿಮ್ಮ ಭಾವಮೈದನಿಗೆ ಹೇಳಿ. ಎರಡು ವರ್ಷದ ಐಟಿಐ ಮುಗಿಸಿದವರು ಡಿಪ್ಲೊಮಾ ಎರಡನೇ ವರ್ಷಕ್ಕೆ ಸೇರಬಹುದು. ಅದಾದ ಮೇಲೆ ಡಿಸಿಇಟಿ, ಅಂದರೆ ಡಿಪ್ಲೊಮಾ ಆದವರ ಪ್ರವೇಶ ಪರೀಕ್ಷೆ ಬರೆದು ಬಿಇ ಎರಡನೇ ವರ್ಷಕ್ಕೆ. ತೊಂದರೆ ಇರೋದು ಬೇರೆ ಕಡೆ. ನಾನು ಪಾಲಿಟೆಕ್ನಿಕ್‌ನಲ್ಲಿ ಪಾಠ ಮಾಡುವಾಗ ವರ್ಕ್‌ಶಾಪ್‌ನಲ್ಲಿ ಐಟಿಐ ಹುಡುಗರದೇ ಮೇಲುಗೈ. ಬೋರ್ಡ್ ಮೇಲೆ ಲೆಕ್ಕ ಬರೆದರೆ ಮಾತ್ರ ತಲೆ ತಗ್ಗಿಸಿಬಿಡುತ್ತಿದ್ದರು. ಪಾಪ, ಮೊದಲ ವರ್ಷದ ಗಣಿತ ಅವರಿಗೆ ತಪ್ಪಿಹೋಗಿರುತ್ತಿತ್ತು. ಕೆಲವರು ಅಲ್ಲೇ ಬಿಟ್ಟು ಹೋದರು.

ಇದಕ್ಕೆ ಮದ್ದು ನಿಮ್ಮ ಅಂಗಡಿಯಲ್ಲೇ ಇದೆ. ಚನ್ನಗಿರಿ ಕಡೆಯ ಯಾವುದೋ ಅಡಿಕೆ ತೋಟದಿಂದ ಸುಟ್ಟ ಮೋಟಾರ್ ಬಂತು ಅನ್ನಿ. ಪ್ಲೇಟ್ ಮೇಲೆ 2880 ಆರ್‌ಪಿಎಂ, ಅಂದರೆ ನಿಮಿಷಕ್ಕೆ ಅಷ್ಟು ಸುತ್ತು, ಅಂತಿರುತ್ತೆ. ನೀವು ಹಳೇ ಸುತ್ತು ಎಣಿಸಿ, ಅದೇ ಗೇಜಿನ ತಂತಿ ಸುತ್ತಿ ಕೊಡುತ್ತೀರಿ. ಮೋಟಾರ್ ಓಡುತ್ತೆ. ಆದರೆ 2880 ಯಾಕೆ, 3000 ಯಾಕಲ್ಲ? ಮಗನನ್ನು ಕೇಳಿ. ಸೂತ್ರದಲ್ಲಿರುವ 120ನ್ನು ನಮ್ಮ ಕರೆಂಟಿನ 50 ಹರ್ಟ್ಸ್‌ನಿಂದ ಗುಣಿಸಿ, ಕಾಂತದ ಧ್ರುವಗಳಾದ ಎರಡು ಪೋಲ್‌ನಿಂದ ಭಾಗಿಸಿದರೆ 3000. ಅದು ಒಳಗೆ ತಿರುಗುವ ಕಾಂತಕ್ಷೇತ್ರದ ವೇಗ. ರೋಟರ್, ಅಂದರೆ ಮೋಟಾರಿನೊಳಗೆ ತಿರುಗುವ ಭಾಗ, ಅದಕ್ಕಿಂತ ಸ್ವಲ್ಪ ಹಿಂದೆ ಬೀಳಲೇಬೇಕು. ಸಮಕ್ಕೆ ಓಡಿದರೆ ರೋಟರ್‌ನಲ್ಲಿ ಕರೆಂಟೇ ಹುಟ್ಟಲ್ಲ, ತಿರುಗಿಸುವ ಬಲವೂ ಇರಲ್ಲ. 3000ಕ್ಕಿಂತ ನಿಮಿಷಕ್ಕೆ ಹಿಂದೆ ಬಿದ್ದ ಆ 120 ಸುತ್ತಿಗೆ ಸ್ಲಿಪ್ ಅಂತಾರೆ. ಡಿಪ್ಲೊಮಾದಲ್ಲಿ ಇದಕ್ಕೆ ಒಂದು ಪಾಠವೇ ಇದೆ. ಕೈಗೆ ಗೊತ್ತಿರೋದು ತಲೆಗೂ ಗೊತ್ತಾಗೋದು ಹೀಗೇ ಅಲ್ವಾ?

ಡಿಪ್ಲೊಮಾ ಮೊದಲ ವರ್ಷದ ಗಣಿತದ ಪುಸ್ತಕ ಈಗಲೇ ತಂದಿಡಿ. ದಿನಕ್ಕೆ ಅರ್ಧ ಗಂಟೆ ಸಾಕು. ಅಡ್ಮಿಷನ್‌ಗೆ ಹೋದಾಗ ಡಿಎಸ್‌ಟಿ ಬ್ಯಾಚ್ ಇದೆಯಾ ಕೇಳಿ. ತರಬೇತಿಯ ಒಂದು ಭಾಗವನ್ನು ಕಾರ್ಖಾನೆಯಲ್ಲೇ ಕೊಡುವ ಪದ್ಧತಿ ಅದು, ಜರ್ಮನಿಯದಕ್ಕೆ ಹತ್ತಿರದ್ದು. ಇಲ್ಲದಿದ್ದರೆ ನಿಮ್ಮ ಅಂಗಡಿ ಇದ್ದೇ ಇದೆ. ಆದರೆ ಬೇಸಿಗೆಯಲ್ಲಿ ಸುಟ್ಟ ಮೋಟಾರ್ ಸಾಲಾಗಿ ಬಂದು ಬಿದ್ದಾಗ ‘ಇವತ್ತೊಂದಿನ ಕ್ಲಾಸು ಬಿಡೋ’ ಅನ್ನಬೇಡಿ.